ಕಡಲಲ್ಲಿ ಹಡಗು ನೋಡಲು ಯಾವ ಪೋಲರೈಸೇಶನ್ ಕ್ಯಾಮೆರಾ? ಮೊದಲು ಆಕಾಶ ನೋಡಿ

ಈ ವರ್ಷ ಒಂದೇ ಪ್ರಶ್ನೆಯನ್ನು ನಾಲ್ಕು ಜನ ಬೇರೆ ಬೇರೆ ಮಾತಲ್ಲಿ ಕೇಳಿದರು. ಒಬ್ಬಳು ಫೈನಲ್ ಇಯರ್ ಇಂಜಿನಿಯರಿಂಗ್ ಹುಡುಗಿ. ಪ್ರಾಜೆಕ್ಟಿಗೆ ಏನಾದರೂ ಹೊಸತು ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ. ಇನ್ನೊಬ್ಬರು ಕರಾವಳಿಯ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ಲ್ಯಾಬಿಗೆ ಗ್ರಾಂಟ್ ಬಂದಿದೆ, ಮಾರ್ಚ್ ಒಳಗೆ ಖರ್ಚು ತೋರಿಸಬೇಕು. ಮೂರನೆಯದು ಬೆಂಗಳೂರಿನ ಸಣ್ಣ ಸ್ಟಾರ್ಟಪ್. ನೀರಿನ ಮೇಲೆ ಎಣ್ಣೆ ತೇಲಿದರೆ ಪತ್ತೆ ಹಚ್ಚುವ ಸಾಧನ ಮಾಡುವ ಆಸೆ ಅವರಿಗೆ. ನಾಲ್ಕನೆಯವರು ಮಲ್ಪೆ ಕಡೆ ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್ ಮಾರುವ ಅಣ್ಣ.

ನಾಲ್ವರ ಪ್ರಶ್ನೆಯೂ ಇಷ್ಟೇ: ಕಡಲು ನೋಡಲು, ವಸ್ತುವಿನ ಬಿಸಿಯನ್ನೇ ಚಿತ್ರ ಮಾಡುವ ಸಾದಾ ಥರ್ಮಲ್ ಕ್ಯಾಮೆರಾ ಸಾಕಾ, ಪೋಲರೈಸೇಶನ್ ಬೇಕಾ, ಬೇಕಾದರೆ ಯಾವುದು?

ನಾಲ್ವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಅದು ಯಾಕೆ ಅಂತ ಹೇಳಲು ಸ್ವಲ್ಪ ಫಿಸಿಕ್ಸ್ ಬೇಕು. ಹೆದರಬೇಡಿ, ಪಿಯುಸಿಯಲ್ಲಿ ಓದಿದ್ದು ಸಾಕು.

ನೀರು ಒಂದು ಕಡೆ ಎಳೆದರೆ ಆಕಾಶ ಇನ್ನೊಂದು ಕಡೆ

ಬೆಳಕಿನ ಅಲೆ ಯಾವ ದಿಕ್ಕಿಗೆ ಅಲ್ಲಾಡುತ್ತದೆ ಅನ್ನುವುದೇ ಪೋಲರೈಸೇಶನ್. ಪುಸ್ತಕದಲ್ಲಿ ಧ್ರುವೀಕರಣ ಅಂತ ಓದಿದ್ದೆವಲ್ಲ, ಅದೇ. ಥರ್ಮಲ್ ಕ್ಯಾಮೆರಾ ನೋಡುವುದು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬಿಸಿಯ ಬೆಳಕು. ಕಡಲ ಮೇಲ್ಮೈಯಿಂದ ಅದಕ್ಕೆ ಬರುವ ಬೆಳಕಿನಲ್ಲಿ ಎರಡು ಪಾಲಿದೆ. ಒಂದು, ನೀರು ತನ್ನ ಬಿಸಿಗೆ ತಾನೇ ಹೊರಬಿಡುವುದು. ಇನ್ನೊಂದು, ಆಕಾಶದಿಂದ ಬಂದು ನೀರಿನ ಮೇಲೆ ಬಿದ್ದು ಪ್ರತಿಫಲಿಸುವುದು. ಓರೆಯಾಗಿ ನೋಡಿದಾಗ ಮೊದಲನೆಯ ಪಾಲಿನಲ್ಲಿ ನೆಟ್ಟಗೆ ಅಲ್ಲಾಡುವ ಬೆಳಕು ಜಾಸ್ತಿ, ಎರಡನೆಯದರಲ್ಲಿ ಅಡ್ಡ ಅಲ್ಲಾಡುವುದು ಜಾಸ್ತಿ. ಹಗ್ಗಜಗ್ಗಾಟದ ಹಾಗೆ. ಯಾವ ಕಡೆ ಜೋರು ಜಾಸ್ತಿಯೋ ಆ ಕಡೆಯದು ಕ್ಯಾಮೆರಾದಲ್ಲಿ ಕಾಣುತ್ತದೆ. ಎರಡೂ ಸಮಬಲವಾದರೆ ಏನೂ ಕಾಣುವುದಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕೋಣ. 10 ಮೈಕ್ರಾನ್ ತರಂಗಾಂತರದಲ್ಲಿ ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.22. ಕಣ್ಣಿಗೆ ಕಾಣುವ ಬೆಳಕಿನಲ್ಲಿ 1.33 ಇರುತ್ತದೆ, ಇಲ್ಲಿ ಕಡಿಮೆ. ನೆಟ್ಟಗೆ ಕೆಳಗೆ ನೋಡುವುದನ್ನು ಸೊನ್ನೆ ಡಿಗ್ರಿ ಅಂತ ಇಟ್ಟುಕೊಳ್ಳಿ. ಯಾವ ಕೋನದಲ್ಲಿ ಎಷ್ಟು ಬೆಳಕು ಪ್ರತಿಫಲಿಸುತ್ತದೆ ಅಂತ ಹೇಳುವ ಫ್ರೆನೆಲ್ ಸೂತ್ರಕ್ಕೆ ಹಾಕಿದರೆ, ನೀರು ತಾನೇ ಬಿಡುವ ಬೆಳಕಿನ ಪೋಲರೈಸೇಶನ್ 50 ಡಿಗ್ರಿಯಲ್ಲಿ ಶೇ. 2ರ ಆಸುಪಾಸು, 70ರಲ್ಲಿ ಶೇ. 6, 80ರಲ್ಲಿ ಶೇ. 11ರ ಹತ್ತಿರ ಬರುತ್ತದೆ. ಓಹೋ, ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ?

ಈಗ ಆಕಾಶ ಸೇರಿಸಿ. ಆಕಾಶದ ಹೊಳಪು ನೀರಿನ ಹೊಳಪಿನ ಶೇ. 80ರಷ್ಟಿದ್ದರೆ, 80 ಡಿಗ್ರಿಯ ಆ 11 ಇಳಿದು ಬರೀ 1.6 ಆಗುತ್ತದೆ. ತಗ್ಗಿನಲ್ಲಿ ದಟ್ಟ ಮೋಡ ಕವಿದು, ಅದರ ಬಿಸಿಯೂ ನೀರಿನ ಬಿಸಿಯೂ ಒಂದೇ ಆದರೆ, ಸೊನ್ನೆ. ಕ್ಯಾಮೆರಾ ಎಷ್ಟೇ ಲಕ್ಷದ್ದಾಗಲಿ, ಸೊನ್ನೆ ಸೊನ್ನೆಯೇ.

ಹಡಗಿನ ಕಥೆ ಬೇರೆ. ಅದರ ಗೋಡೆ ನಮಗೆ ಹೆಚ್ಚುಕಡಿಮೆ ಎದುರಾಗಿ ನಿಂತಿರುತ್ತದೆ. ಎದುರಿನಿಂದ ನೋಡಿದ ಬಣ್ಣದ ಉಕ್ಕಿನಲ್ಲಿ ಪೋಲರೈಸೇಶನ್ ತೀರಾ ಕಮ್ಮಿ. ಹಾಗಾಗಿ ತಿಳಿ ಆಕಾಶದ ಸಂಜೆ ಪೋಲರೈಸೇಶನ್ ಚಿತ್ರದಲ್ಲಿ ಕಡಲು ಬೆಳ್ಳಗೆ, ಹಡಗು ಅದರಲ್ಲೊಂದು ಕಪ್ಪು ತೂತು. ಇದರ ಲಾಭ ಸಾದಾ ಥರ್ಮಲ್ ಕೈಕೊಡುವ ಹೊತ್ತಿನಲ್ಲಿ ಗೊತ್ತಾಗುತ್ತದೆ. ಬಿಸಿಲಿಗೆ ಕಾದ ಹಡಗಿನ ಮೈ ಸಂಜೆ ತಣ್ಣಗಾಗುತ್ತಾ ಹೋಗಿ, ಒಂದು ಗಳಿಗೆಯಲ್ಲಿ ಹಿಂದಿನ ಕಡಲಿನಷ್ಟೇ ಹೊಳೆಯುತ್ತದೆ. ಬೆಳಿಗ್ಗೆ ಕಾಯುವಾಗ ಇನ್ನೊಮ್ಮೆ ಹಾಗೇ. ಆ ಎರಡು ಹೊತ್ತು ಥರ್ಮಲ್ ಚಿತ್ರದಲ್ಲಿ ಹಡಗು ಕಡಲೊಳಗೆ ಕರಗಿಹೋಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಸುರತ್ಕಲ್ಲಿನ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ. ಡಿಸೆಂಬರ್ ಸಂಜೆ, ಮೋಡ ಇರಲಿಲ್ಲ. ಟ್ರಾಲ್ ಬೋಟೊಂದು ಮಂಗಳೂರು ದಕ್ಕೆ ಕಡೆ ಹೋಗುತ್ತಿತ್ತು. ಥರ್ಮಲ್ ಪರದೆಯಲ್ಲಿ ಹೊಗೆಕೊಳವೆಯ ಬಿಸಿ ಚುಕ್ಕೆ ಮಾತ್ರ. ಚುಕ್ಕೆಯೊಂದು ತಾನೇ ತೇಲಿಕೊಂಡು ಹೋಗುವ ಹಾಗೆ. ಪೋಲರೈಸರ್ ಅಂದರೆ ಒಂದೇ ದಿಕ್ಕಿಗೆ ಅಲ್ಲಾಡುವ ಬೆಳಕನ್ನು ಮಾತ್ರ ಬಿಡುವ ಬಿಲ್ಲೆ. ಅದನ್ನು ನೆಟ್ಟಗಿಟ್ಟ ಒಂದು ಕ್ಯಾಮೆರಾ, ಅಡ್ಡ ಇಟ್ಟ ಇನ್ನೊಂದು, ಎರಡರಲ್ಲೂ ಒಂದೇ ಕ್ಷಣಕ್ಕೆ ಚಿತ್ರ ತೆಗೆದು ಒಂದರಿಂದ ಇನ್ನೊಂದನ್ನು ಕಳೆದೆವು. ಚುಕ್ಕೆ ಮಾಯವಾಯಿತು, ಅದರ ಕೆಳಗೆ ಬೋಟಿನ ಮೈ ಮೂಡಿತು. ಮೂತಿ ಮೇಲೆತ್ತಿದ ಆ ಆಕಾರ ನೋಡಿ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೀನುಗಾರರೊಬ್ಬರು ಬೋಟು ಯಾರದ್ದಿರಬಹುದು ಅಂತ ಊಹಿಸಲು ಶುರು ಮಾಡಿದರು.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಅಂಗಡಿಯವರು ಮೆಗಾಪಿಕ್ಸೆಲ್ ಹೇಳುತ್ತಾರೆ. ನೀವು ಈ ಪ್ರಶ್ನೆಗಳಿಂದ ಶುರು ಮಾಡಿ.

ನೀವು ನೋಡುವ ದಿನಗಳಲ್ಲಿ ಆಕಾಶ ಹೇಗಿರುತ್ತದೆ? ನನ್ನ ಮಟ್ಟಿಗೆ ಇದೇ ಮೊದಲ ಅಳತೆಗೋಲು. ನಮ್ಮ ಕರಾವಳಿಯಲ್ಲಿ ತೇವ ಜಾಸ್ತಿ. ದಿಗಂತದ ಹತ್ತಿರದ ಆಕಾಶ ಇನ್‌ಫ್ರಾರೆಡ್‌ನಲ್ಲಿ ಬೆಚ್ಚಗೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸಿಗುವ ಚಿತ್ರ ಜೂನ್‌ನಲ್ಲಿ ಸಿಗುವುದಿಲ್ಲ.

ಎಷ್ಟು ಎತ್ತರದಿಂದ? ಕಡಲ ಮಟ್ಟದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ದಿಗಂತ ನಾಲ್ಕೂವರೆ ಕಿಲೋಮೀಟರ್ ಒಳಗೇ ಮುಗಿಯುತ್ತದೆ. 30 ಮೀಟರ್ ಏರಿದರೆ 19 ಕಿಲೋಮೀಟರ್ ಮೀರುತ್ತದೆ. ಆದರೆ ತೀರಾ ಓರೆಯಾದಷ್ಟೂ ನಮಗೆ ಕಾಣುವುದು ಸಮತಟ್ಟು ನೀರಲ್ಲ, ನಮ್ಮ ಕಡೆ ವಾಲಿದ ಅಲೆಗಳ ಮುಖ. ಜತೆಗೆ ಅದರಲ್ಲಿ ಪ್ರತಿಫಲಿಸುವುದು ತಗ್ಗಿನ ಬೆಚ್ಚಗಿನ ಆಕಾಶ. ಹಾಗಾಗಿ ಮೇಲೆ ಹೇಳಿದ ದೊಡ್ಡ ಅಂಕಿಗಳನ್ನು ದಿಗಂತದ ಅಂಚಿನಲ್ಲಿ ನಿರೀಕ್ಷಿಸಬೇಡಿ.

ಯಾವ ಹೊತ್ತು? ನಮ್ಮದು ಪಶ್ಚಿಮ ಕರಾವಳಿ. ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೆ ಬಿಸಿಲು ಕಡಲ ಮೇಲಿಂದ ನೇರ ಲೆನ್ಸಿಗೆ. ವಿಶಾಖಪಟ್ಟಣದವರಿಗೆ ಈ ಕಾಟ ಬೆಳಿಗ್ಗೆ.

ನೋಡುವ ವಸ್ತು ಎಷ್ಟು ಬೇಗ ಅಲ್ಲಾಡುತ್ತದೆ, ನಿಮ್ಮ ಕಾಲ ಕೆಳಗಿನ ನೆಲ ಅಲ್ಲಾಡುತ್ತದಾ? ದಡದ ಟ್ರೈಪಾಡ್ ಬೇರೆ, ಬೋಟಿನ ಮೇಲಿನ ಕಂಬ ಬೇರೆ.

ಕ್ಯಾಮೆರಾ ತನ್ನ ಲೆಕ್ಕದಲ್ಲಿ ಎಷ್ಟು ಹೊತ್ತು ಸ್ಥಿರವಾಗಿರುತ್ತದೆ? ಇದನ್ನು ಕೇಳುವವರೇ ಕಡಿಮೆ. ಶೇ. 1.6 ಪೋಲರೈಸೇಶನ್ ಅಂದರೆ ಎರಡು ಚಿತ್ರಗಳ ನಡುವೆ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸ. ಸೆನ್ಸರನ್ನು ತಣ್ಣಗಿಡುವ ಕೂಲರ್ ಇಲ್ಲದ ಸಾಮಾನ್ಯ ಥರ್ಮಲ್ ಕ್ಯಾಮೆರಾವೂ 0.05 ಡಿಗ್ರಿ ಗುರುತಿಸುತ್ತದೆ. ಹಾಗಾದರೆ ಸುಲಭ ಅನ್ನಿಸುತ್ತದೆ. ಆದರೆ ಅದೇ ಕ್ಯಾಮೆರಾ ಹತ್ತು ನಿಮಿಷದಲ್ಲಿ ತಾನೇ ಬಿಸಿಯಾಗಿ ಒಂದೆರಡು ಡಿಗ್ರಿ ಅತ್ತಿತ್ತ ಸರಿದುಬಿಡಬಹುದು. ಸಮಸ್ಯೆ ಚಿತ್ರದ ಕಾಳುಕಾಳಿನದ್ದಲ್ಲ, ಈ ಸರಿದಾಟದ್ದು.

ಕೊನೆಗೆ ದುಡ್ಡು, ಕಾಗದಪತ್ರ. ಅಮೆರಿಕದ ರಫ್ತು ನಿಯಮದ ಕಾರಣ ಸೆಕೆಂಡಿಗೆ 9 ಫ್ರೇಮ್ ಅಥವಾ ಅದಕ್ಕಿಂತ ಕಡಿಮೆ ಇರುವ ಥರ್ಮಲ್ ಕ್ಯಾಮೆರಾ ಸುಲಭವಾಗಿ ಸಿಗುತ್ತದೆ. 30 ಅಥವಾ 60 ಫ್ರೇಮಿನದ್ದು ಬೇಕಾದರೆ ಯಾರು, ಎಲ್ಲಿ, ಯಾಕೆ ಬಳಸುತ್ತೀರಿ ಅಂತ ಬರೆದುಕೊಡಬೇಕು, ಕಾಯಬೇಕು. ಮಾರ್ಚ್ ಗಡುವಿನವರು ಇದನ್ನು ಈಗಲೇ ಗಮನಿಸಿ.

ಏನೂ ಸೇರಿಸದ ಸಾದಾ ಥರ್ಮಲ್

ಮೊದಲು ಇದರ ಪರವಾಗಿ ಮಾತಾಡುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಇದೇ ಸಾಕು. 8ರಿಂದ 14 ಮೈಕ್ರಾನ್ ವ್ಯಾಪ್ತಿ (ಇದನ್ನೇ ಲಾಂಗ್‌ವೇವ್ ಅನ್ನುವುದು), ಕೂಲರ್ ಬೇಡ, ಕರೆಂಟು ಕಡಿಮೆ ಎಳೆಯುತ್ತದೆ. ರಾತ್ರಿ ಓಡುವ ಬೋಟಿನ ಇಂಜಿನ್, ಮನುಷ್ಯರ ಮೈ, ನೀರಿಗೆ ಬಿದ್ದವನ ತಲೆ, ಎಲ್ಲ ಕಾಣುತ್ತದೆ. ದೊಡ್ಡ ಹಡಗು ಎಲ್ಲಿದೆ ಅಂತ ಮಾತ್ರ ತಿಳಿಯಬೇಕಾ? ಅದಕ್ಕೆ ಕ್ಯಾಮೆರಾವೇ ಬೇಡ. ಅಂತರರಾಷ್ಟ್ರೀಯ ಯಾನದ 300 ಟನ್ನೇಜ್ ಮೇಲಿನ ಹಡಗುಗಳು ಎಐಎಸ್‌ನಲ್ಲಿ, ಅಂದರೆ ತಾವು ಯಾರು, ಎಲ್ಲಿದ್ದೇವೆ ಅಂತ ರೇಡಿಯೋದಲ್ಲಿ ಸಾರುವ ಸಾಧನದಲ್ಲಿ, ತಾವೇ ಕೂಗಿ ಹೇಳುತ್ತಿರುತ್ತವೆ. ಅದರ ರಿಸೀವರ್ ಥರ್ಮಲ್ ಕ್ಯಾಮೆರಾಕ್ಕಿಂತ ಎಷ್ಟೋ ಅಗ್ಗ.

ಸಾದಾ ಥರ್ಮಲ್ ಸೋಲುವುದು ನಾನು ಹೇಳಿದ ಆ ಎರಡು ಸಂಧಿಹೊತ್ತಲ್ಲಿ, ಇಂಜಿನ್ ಆರಿಸಿ ನಿಂತ ಬೋಟಿನಲ್ಲಿ, ಮತ್ತು ತೆಳ್ಳಗಿನ ಎಣ್ಣೆಯಲ್ಲಿ. ನಿಮ್ಮ ಕೆಲಸ ಈ ಮೂರರಲ್ಲಿ ಇಲ್ಲದಿದ್ದರೆ ಇಲ್ಲೇ ಓದು ನಿಲ್ಲಿಸಿ ದುಡ್ಡು ಉಳಿಸಬಹುದು.

ಥರ್ಮಲ್ ಮುಂದೆ ತಿರುಗಿಸುವ ಪೋಲರೈಸರ್

ಕಲಿಯುವವರ ದಾರಿ ಇದು. ಇರುವ ಕ್ಯಾಮೆರಾದ ಮುಂದೆ ಒಂದು ವೈರ್-ಗ್ರಿಡ್ ಪೋಲರೈಸರ್. ಝಿಂಕ್ ಸೆಲೆನೈಡ್, ಬೇರಿಯಂ ಫ್ಲೋರೈಡ್ ಇಂಥ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಗೆರೆಗಳು. ಸೊನ್ನೆ, 45, 90, 135 ಡಿಗ್ರಿಗೆ ತಿರುಗಿಸಿ ನಾಲ್ಕು ಚಿತ್ರ ತೆಗೆದರೆ ಬ್ರಿಟಿಷ್ ವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ ಪೋಲರೈಸೇಶನ್ ಎಷ್ಟು, ಯಾವ ದಿಕ್ಕಿಗೆ ಎಲ್ಲ ಸಿಗುತ್ತದೆ. ಬಿಲ್ಲೆಯ ಬೆಲೆ ಮಾತ್ರ ಕೇಳಿ ಬೆಚ್ಚಬೇಡಿ. ಬೆರಳೆರಡರ ಅಗಲದ್ದಕ್ಕೇ ಲಕ್ಷದ ಆಸುಪಾಸು ಬರುತ್ತದೆ. ಫೋಟೋಗ್ರಾಫರ್ ಗೆಳೆಯನ ಗಾಜಿನ ಪೋಲರೈಸರ್ ಹಾಕಿ ಉಳಿಸೋಣ ಅಂದುಕೊಂಡರೆ ನಡೆಯದು. 10 ಮೈಕ್ರಾನ್‌ಗೆ ಗಾಜು ಅಂದರೆ ಗೋಡೆ. ಪರದೆಯಲ್ಲಿ ಗಾಜಿನದ್ದೇ ಬಿಸಿ ಮಸುಕಾಗಿ ಕಂಡೀತು, ಅಷ್ಟೆ.

ಇದರ ದೊಡ್ಡ ತೊಂದರೆ ಸಮಯ. 9 ಫ್ರೇಮಿನ ಕ್ಯಾಮೆರಾದಲ್ಲಿ, ಮೋಟಾರು ಎಷ್ಟೇ ಚುರುಕಾಗಿ ತಿರುಗಲಿ, ನಾಲ್ಕು ಚಿತ್ರಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಅಷ್ಟರಲ್ಲಿ ಎಂಟು ನಾಟ್ ವೇಗದ ಬೋಟು ಎರಡು ಮೀಟರ್ ಸರಿದಿರುತ್ತದೆ. ಆಳದ ಕಡಲಲ್ಲಿ ಹತ್ತು ಸೆಕೆಂಡಿಗೊಮ್ಮೆ ಬರುವ ಉಬ್ಬಲೆ ಏಳು ಮೀಟರ್ ಓಡಿರುತ್ತದೆ. ಚಿತ್ರ ಕಳೆದಾಗ ಸಿಗುವುದು ಪೋಲರೈಸೇಶನ್ ಅಲ್ಲ, ಅಲೆಯ ಹೆಜ್ಜೆಗುರುತು. ಒಂದೊಂದು ದಿಕ್ಕಿನಲ್ಲೂ ನೂರಾರು ಫ್ರೇಮ್ ತೆಗೆದು ಸರಾಸರಿ ಮಾಡಿದರೆ ಅಲೆ ಅಳಿಸಿಹೋಗುತ್ತದೆ, ಕಡಲಿನ ಲೆಕ್ಕ ಚೆನ್ನಾಗಿ ಬರುತ್ತದೆ. ಪಣಂಬೂರಿನ ಹೊರಗೆ ಲಂಗರು ಹಾಕಿ ಕಾಯುವ ಹಡಗಿಗೂ ಇದು ಆಗುತ್ತದೆ. ಓಡುವ ದೋಣಿಗೆ ಆಗುವುದಿಲ್ಲ.

ನನ್ನದೇ ಒಂದು ಪೆಚ್ಚು ಪ್ರಸಂಗ ಹೇಳಬೇಕು. ಮೊದಲ ಸಲ ಕೈಯಲ್ಲೇ ಬಿಲ್ಲೆ ತಿರುಗಿಸಿ ತೆಗೆದ ಚಿತ್ರದಲ್ಲಿ ಇಡೀ ಕಡಲು ಶೇ. 3 ಪೋಲರೈಸೇಶನ್ ತೋರಿಸಿತು. ಅಂಚಿನಿಂದ ಅಂಚಿಗೆ ಒಂದೇ ಸಮ. ಎರಡು ದಿನ ಖುಷಿಯಲ್ಲಿದ್ದೆ. ಮೂರನೆಯ ದಿನ ಗೋಡೆಯ ಚಿತ್ರ ತೆಗೆದೆ. ಗೋಡೆಗೂ ಶೇ. 3! ಆಮೇಲೆ ರೆಕಾರ್ಡಿಂಗ್‌ನ ಧ್ವನಿ ಕೇಳಿದಾಗ ಎರಡನೆಯ ಮತ್ತು ಮೂರನೆಯ ಚಿತ್ರದ ನಡುವೆ ಸಣ್ಣದೊಂದು 'ಟಿಕ್' ಇತ್ತು. ಕ್ಯಾಮೆರಾ ಆಗಾಗ ತನ್ನ ಒಳಗಿನ ಶಟರ್ ಮುಚ್ಚಿ ಲೆಕ್ಕ ಸರಿಪಡಿಸಿಕೊಳ್ಳುತ್ತದಲ್ಲ, ಅದು. ಅಲ್ಲಿಂದ ಲೆಕ್ಕವೇ ಬದಲಾಗಿತ್ತು. ಈಗ ಆಟೋ ಶಟರ್ ಬಂದ್ ಮಾಡಿ, ಪ್ರತಿ ಸುತ್ತಿಗೆ ಮೊದಲು ನಾನೇ ಒಮ್ಮೆ ಟಿಕ್ ಅನ್ನಿಸುತ್ತೇನೆ. ಹಾಗೆ ಮಾಡಲು ಬಿಡದ ಕ್ಯಾಮೆರಾ ಈ ಕೆಲಸಕ್ಕೆ ಬೇಡವೇ ಬೇಡ.

ಇನ್ನೊಂದು ಗುಟ್ಟು. ವೈರ್-ಗ್ರಿಡ್ ಒಂದು ದಿಕ್ಕಿನ ಬೆಳಕನ್ನು ಬಿಟ್ಟು ಇನ್ನೊಂದನ್ನು ಕನ್ನಡಿಯ ಹಾಗೆ ವಾಪಸು ಕಳಿಸುತ್ತದೆ. ಅಂದರೆ ಕ್ಯಾಮೆರಾ ತನ್ನದೇ ಬಿಸಿಯನ್ನು ಅದರಲ್ಲಿ ನೋಡಿಕೊಳ್ಳುತ್ತದೆ. ಬಿಲ್ಲೆಯನ್ನು ಕೆಲವು ಡಿಗ್ರಿ ವಾಲಿಸಿ ಕೂರಿಸಿ.

ಎರಡು ಕ್ಯಾಮೆರಾ ಅಕ್ಕಪಕ್ಕ

ನನಗೆ ಇಷ್ಟವಾದದ್ದು ಇದು, ಆದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಡಲಿನ ವಿಶೇಷ ಏನೆಂದರೆ ಅದು ಸಮತಟ್ಟು. ನೀರಿನ ಪೋಲರೈಸೇಶನ್ ಹೆಚ್ಚುಕಡಿಮೆ ನೆಟ್ಟಗೆ ಅಥವಾ ಅಡ್ಡ, ಮೂಲೆಗೆ ತಿರುಗುವುದು ಅಪರೂಪ. ಹಾಗಾಗಿ ನಾಲ್ಕು ದಿಕ್ಕು ಬೇಕಿಲ್ಲ, ಎರಡು ಸಾಕು. ಒಂದೇ ಮಾದರಿಯ ಎರಡು ಥರ್ಮಲ್ ಕ್ಯಾಮೆರಾ, ಒಂದಕ್ಕೆ ನೆಟ್ಟಗಿನ ಪೋಲರೈಸರ್, ಇನ್ನೊಂದಕ್ಕೆ ಅಡ್ಡದ್ದು. ಎರಡೂ ಒಂದೇ ಕ್ಷಣಕ್ಕೆ ಕ್ಲಿಕ್ ಆಗಬೇಕು. ಅಲೆ ಓಡಲಿ, ಬೋಟು ಓಡಲಿ, ತೊಂದರೆ ಇಲ್ಲ. ಕಿಲೋಮೀಟರ್ ದೂರಕ್ಕೆ ಎರಡು ಲೆನ್ಸಿನ ನಡುವಿನ ಅಂತರ ಲೆಕ್ಕಕ್ಕೇ ಬರುವುದಿಲ್ಲ. ದಿಗಂತದ ಗೆರೆಯನ್ನೇ ಹಿಡಿದು ಎರಡು ಚಿತ್ರ ಹೊಂದಿಸಬಹುದು.

ತಲೆನೋವು ಎಲ್ಲಿ? ಎರಡೂ ಕ್ಯಾಮೆರಾ ಅಣ್ಣತಮ್ಮಂದಿರಾದರೂ ಒಂದೇ ಸಮ ಬಿಸಿಯಾಗುವುದಿಲ್ಲ. ಮದ್ದು ಸುಲಭ: ಅರ್ಧ ಗಂಟೆಗೊಮ್ಮೆ ಪೋಲರೈಸರ್‌ಗಳನ್ನು ಅದಲು ಬದಲು ಮಾಡಿ ಇನ್ನೊಮ್ಮೆ ತೆಗೆಯಿರಿ. ಕ್ಯಾಮೆರಾದ ತಪ್ಪು ಅಲ್ಲೇ ಉಳಿಯುತ್ತದೆ, ಕಡಲಿನ ಪೋಲರೈಸೇಶನ್ ಚಿಹ್ನೆ ಬದಲಿಸುತ್ತದೆ. ಎರಡನ್ನೂ ಬೇರೆ ಮಾಡಬಹುದು. ಹೊರಳಾಡುವ ಬೋಟಿನ ಮೇಲೆ ಮಾತ್ರ ಇದು ಬೇಡ. ಬೋಟು ವಾಲಿದರೆ ನಿಮ್ಮ 'ನೆಟ್ಟಗೆ' ಕೂಡ ವಾಲುತ್ತದೆ.

ಸೆನ್ಸರ್ ಮೇಲೇ ಗ್ರಿಡ್ ಇರುವ ಲಾಂಗ್‌ವೇವ್ ಕ್ಯಾಮೆರಾ

ಇಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಪುಟ್ಟ ಪೋಲರೈಸರ್. ಎರಡಕ್ಕೆರಡು ನಾಲ್ಕು ಪಿಕ್ಸೆಲ್ ಸೇರಿ ಒಂದು ಅಳತೆ. ಅಮೆರಿಕದ ಅಲಬಾಮಾದ ಪೋಲಾರಿಸ್ ಸೆನ್ಸರ್ ಟೆಕ್ನಾಲಜೀಸ್ ಮಾಡುವ ಪಿಕ್ಸಿಸ್ ಈ ಜಾತಿಯದು. ನ್ಯೂಜೆರ್ಸಿಯ ಓಮ್‌ಸೆಟ್ ಎಂಬ ದೊಡ್ಡ ಕೊಳದಲ್ಲಿ ಕೃತಕ ಅಲೆ ಎಬ್ಬಿಸಿ, ಎಣ್ಣೆ ಸುರಿದು ಇದನ್ನು ಪರೀಕ್ಷಿಸಿದ್ದಾರೆ. ಎಣ್ಣೆಯ ವಕ್ರೀಭವನ ಸೂಚ್ಯಂಕ ನೀರಿಗಿಂತ ಜಾಸ್ತಿ. ಹಾಗಾಗಿ ಎಣ್ಣೆ, ನೀರು ಎರಡೂ ಒಂದೇ ಬಿಸಿಯಲ್ಲಿದ್ದರೂ ಪೋಲರೈಸೇಶನ್ ಬೇರೆ ಬರುತ್ತದೆ. ಸಾದಾ ಥರ್ಮಲ್‌ಗೆ ಆಗದ ಕೆಲಸ.

ಒಂದೇ ಕ್ಷಣಕ್ಕೆ ಎಲ್ಲ ಸಿಗುತ್ತದೆ. ಬೋಟಿನ ಮೇಲೆ, ಡ್ರೋನ್ ಮೇಲೆ ಇಡಬಹುದಾದದ್ದು ಇದೇ. ಕಳೆದುಕೊಳ್ಳುವುದು ವಿವರ. ಉದಾಹರಣೆಗೆ 640×512 ಸೆನ್ಸರ್, 12 ಮೈಕ್ರಾನ್ ಪಿಕ್ಸೆಲ್, 50 ಮಿ.ಮೀ. ಲೆನ್ಸ್ ಅಂದುಕೊಳ್ಳಿ. ಎರಡು ಕಿಲೋಮೀಟರ್ ದೂರದಲ್ಲಿ ಒಂದು ಪಿಕ್ಸೆಲ್‌ಗೆ ಅರ್ಧ ಮೀಟರ್. 15 ಮೀಟರ್ ಉದ್ದದ ಟ್ರಾಲ್ ಬೋಟು ಅಡ್ಡಲಾಗಿ ನಿಂತರೆ 30 ಪಿಕ್ಸೆಲ್. ಪೋಲರೈಸೇಶನ್ ಚಿತ್ರದಲ್ಲಿ ಅದು 15. ಒಂದೂವರೆ ಮೀಟರ್ ಅಗಲದ ನಾಡದೋಣಿ ನಮ್ಮ ಕಡೆ ಮೂತಿ ಮಾಡಿ ಬರುತ್ತಿದ್ದರೆ ಮೂರು ಪಿಕ್ಸೆಲ್ ಇದ್ದದ್ದು ಒಂದೂವರೆಗೆ ಇಳಿಯುತ್ತದೆ. ಅದನ್ನು ಕಂಡೆ ಅನ್ನುವುದು ಕಷ್ಟ.

ಇನ್ನೂ ಒಂದು ಮೋಸ ಇದೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳು ಒಂದೇ ಜಾಗ ನೋಡುವುದಿಲ್ಲ. ಹಡಗಿನ ಕಂಬ, ಹಗ್ಗ, ಕಟಕಟೆ ಇಂಥ ಅಂಚು ಬಂದಲ್ಲೆಲ್ಲ ಇಲ್ಲದ ಪೋಲರೈಸೇಶನ್ ಕಾಣುತ್ತದೆ. ಡೆಮೊ ಚಿತ್ರದಲ್ಲಿ ಹಡಗಿನ ಸುತ್ತ ಹೊಳೆಯುವ ಅಂದದ ಗೆರೆ ಕಂಡರೆ ಹಿಗ್ಗಬೇಡಿ. ಅದು ಹಡಗಿನದ್ದಾ, ಸೆನ್ಸರ್‌ದ್ದಾ ಅಂತ ಕೇಳಿ. ಉತ್ತರ ತಡವರಿಸಿದರೆ ಗೊತ್ತಾಯಿತಲ್ಲ.

ಬೆಲೆ ಸಾದಾ ಥರ್ಮಲ್‌ಗಿಂತ ಹಲವು ಪಟ್ಟು. ರಫ್ತು ಲೈಸೆನ್ಸ್ ಗೋಳು ಇಲ್ಲೂ ಇದೆ.

ಕೂಲರ್ ಇರುವ ಮಿಡ್‌ವೇವ್, ಮುಂದೆ ಒಂದೇ ಪೋಲರೈಸರ್

3ರಿಂದ 5 ಮೈಕ್ರಾನ್. ಒಳಗಿನ ಸೆನ್ಸರನ್ನು ಸುಮಾರು 77 ಕೆಲ್ವಿನ್‌ಗೆ ತಣ್ಣಗೆ ಇಡಲು ಪುಟ್ಟ ಕಂಪ್ರೆಸರ್ ಗುಂಯ್‌ಗುಡುತ್ತಿರುತ್ತದೆ. ನಮ್ಮಂಥ ತೇವದ ಗಾಳಿಯಲ್ಲಿ ಹತ್ತು, ಹದಿನೈದು ಕಿಲೋಮೀಟರ್ ದೂರ ನೋಡಬೇಕಾದರೆ ಲಾಂಗ್‌ವೇವ್‌ಗಿಂತ ಇದು ಮೇಲು. ನೀರಿನ ಆವಿ ಲಾಂಗ್‌ವೇವನ್ನು ಜಾಸ್ತಿ ನುಂಗುತ್ತದೆ.

ಆದರೆ ಹಗಲು ಮಿಡ್‌ವೇವ್‌ಗೆ ಸೂರ್ಯನ ಕಾಟ. ಅಲೆಗಳ ಮೇಲಿನ ಬಿಸಿಲಿನ ಮಿನುಗು ಇದರ ಕಣ್ಣು ಕುಕ್ಕುತ್ತದೆ. ಆ ಮಿನುಗು ಪ್ರತಿಫಲನ, ಅಂದರೆ ಅಡ್ಡ ಅಲ್ಲಾಡುವ ಬೆಳಕು ಜಾಸ್ತಿ. ನೆಟ್ಟಗಿನದ್ದನ್ನು ಮಾತ್ರ ಬಿಡುವ ಪೋಲರೈಸರ್ ಇಟ್ಟರೆ ಮಿನುಗು ತಗ್ಗುತ್ತದೆ, ಹಡಗು ಎದ್ದು ಕಾಣುತ್ತದೆ. ಬೈಕಿನವರು ಹಾಕುವ ಪೋಲರಾಯ್ಡ್ ಕನ್ನಡಕದ ಲೆಕ್ಕವೇ. ಕಳೆಯುವುದು, ಕೂಡುವುದು ಏನೂ ಇಲ್ಲ. ಅಮೆರಿಕದ ಮಾಂಟೆರೆಯಲ್ಲಿರುವ ನೇವಲ್ ಪೋಸ್ಟ್‌ಗ್ರ್ಯಾಜುಯೇಟ್ ಸ್ಕೂಲಿನವರು ಪಾಯಿಂಟ್ ಸರ್ ಎಂಬ ಸಂಶೋಧನಾ ಹಡಗನ್ನು ಎದುರಿಗಿಟ್ಟುಕೊಂಡು 1990ರ ದಶಕದಲ್ಲೇ ಇನ್‌ಫ್ರಾರೆಡ್ ಪೋಲರೈಸೇಶನ್ ಅಳೆದಿದ್ದರು. ಪಶ್ಚಿಮಕ್ಕೆ ಮುಖ ಮಾಡಿದ ನಮ್ಮ ಕರಾವಳಿಗೆ ಸಂಜೆಯ ಕಾವಲಿಗೆ ಹೇಳಿ ಮಾಡಿಸಿದ ಉಪಾಯ ಇದು.

ಹತ್ತಾರು ಲಕ್ಷದ ಮಾತು. ಕೂಲರ್‌ಗೂ ಆಯುಸ್ಸಿದೆ. ಸಾವಿರಾರು ಗಂಟೆ ಓಡಿದ ಮೇಲೆ ರಿಪೇರಿಗೆ ಕಳಿಸಬೇಕು, ಆ ಖರ್ಚನ್ನು ಮೊದಲೇ ಬಜೆಟ್ಟಿನಲ್ಲಿ ಇಡಿ. ಕಾಲೇಜಿಗೆ ನಾನು ಬೇಡ ಅನ್ನುತ್ತೇನೆ.

ಕಣ್ಣಿಗೆ ಕಾಣುವ ಬೆಳಕಿನ ಪೋಲರೈಸೇಶನ್ ಕ್ಯಾಮೆರಾ

ಇದು ಇನ್‌ಫ್ರಾರೆಡ್ ಅಲ್ಲ, ಗೊತ್ತು. ಆದರೂ ಇಲ್ಲಿ ಇರಲೇಬೇಕು. ಸೋನಿಯ ಪೋಲರ್‌ಸೆನ್ಸ್ ಸೆನ್ಸರಿನಲ್ಲಿ ಐದು ಮೆಗಾಪಿಕ್ಸೆಲ್, ಪಿಕ್ಸೆಲ್ ಮೇಲೇ ನಾಲ್ಕು ದಿಕ್ಕಿನ ಪೋಲರೈಸರ್. ಅದನ್ನು ಹಾಕಿದ ಕ್ಯಾಮೆರಾ ಒಂದೆರಡು ಲಕ್ಷದಲ್ಲಿ ಬರುತ್ತದೆ, ಥರ್ಮಲ್‌ನ 9 ಫ್ರೇಮಿನ ತಕರಾರು ಇಲ್ಲ. ಸ್ಟೋಕ್ಸ್ ಲೆಕ್ಕ, ಅಂಚಿನ ಮೋಸ, ಕ್ಯಾಲಿಬ್ರೇಶನ್ ಎಲ್ಲ ಇದರಲ್ಲೇ ಕಲಿಯಬಹುದು. ಇದರಲ್ಲಿ ಬರೆದ ಕೋಡ್ ನಾಳೆ ಲಾಂಗ್‌ವೇವ್ ಕ್ಯಾಮೆರಾಕ್ಕೂ ನಡೆಯುತ್ತದೆ. ರಾತ್ರಿ ಮಾತ್ರ ಕುರುಡು.

ಇದಕ್ಕೆ ನೂರು ವರ್ಷದ ಹಿರಿಯಣ್ಣ ಒಬ್ಬರಿದ್ದಾರೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ವಾಪಸಾಗುವಾಗ ಡೆಕ್ಕಿನಿಂದ ನಿಕೋಲ್ ಪ್ರಿಸಂ, ಅಂದರೆ ಆ ಕಾಲದ ಪೋಲರೈಸರ್, ಹಿಡಿದು ಕಡಲು ನೋಡಿದರು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂತ ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲೀ ಹೇಳಿದ್ದರು. ಪ್ರತಿಫಲಿಸಿದ ಬೆಳಕು ಪೂರ್ತಿ ಅಡ್ಡ ಅಲ್ಲಾಡುವ ಬ್ರೂಸ್ಟರ್ ಕೋನದಲ್ಲಿ, ಅಂದರೆ ಸುಮಾರು 53 ಡಿಗ್ರಿಯಲ್ಲಿ, ಪ್ರಿಸಂ ತಿರುಗಿಸಿ ಪ್ರತಿಬಿಂಬವನ್ನು ಆರಿಸಿಬಿಟ್ಟರು ರಾಮನ್. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಪ್ರಾಜೆಕ್ಟಿಗೆ ಮೊದಲ ಪ್ರಯೋಗ ಯಾವುದು ಅಂತ ಕೇಳುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಜೇಬಿನ ಪೋಲರಾಯ್ಡ್ ಹಾಳೆ ಸಾಕು.

ಶಾರ್ಟ್‌ವೇವ್ ಇನ್‌ಫ್ರಾರೆಡ್ ಬಗ್ಗೆ ಕೇಳಿದವರಿದ್ದಾರೆ. 1ರಿಂದ 1.7 ಮೈಕ್ರಾನ್‌ನಲ್ಲಿ ಕಾಣುವುದೂ ಪ್ರತಿಫಲನವೇ, ಕಣ್ಣಿನ ಬೆಳಕಿನ ಹಾಗೆ. ತೆಳು ಮಬ್ಬಿನಲ್ಲಿ ಸ್ವಲ್ಪ ಮೇಲು, ದುಡ್ಡು ಬಹಳ ಮೇಲು. ನಿರ್ದಿಷ್ಟ ಕಾರಣ ಇಲ್ಲದಿದ್ದರೆ ಬಿಡಿ.

ಯಾರಿಗೆ ಯಾವುದು

ಇಂಜಿನಿಯರಿಂಗ್ ಹುಡುಗಿಗೆ: ಕಾಲೇಜಿನಲ್ಲಿ ಇರುವ ಥರ್ಮಲ್ ಕ್ಯಾಮೆರಾ ಎರವಲು ತಗೋ, ಪೋಲರೈಸರ್ ಬಿಲ್ಲೆ ಒಂದೇ ಕೊಳ್ಳುವ ಖರ್ಚು, ಅದಕ್ಕೂ ದುಡ್ಡಿಲ್ಲದಿದ್ದರೆ ಅದನ್ನೂ ಎರವಲು ಕೇಳು. ಕಡಲಿಗೆ ಹೋಗುವ ಮೊದಲು ಅಂಗಳದಲ್ಲೇ ಪರೀಕ್ಷೆ ಮಾಡು. ಅಗಲದ ತಟ್ಟೆಯಲ್ಲಿ ಬಿಸಿನೀರು ಹಾಕು, ರಾತ್ರಿ ತಿಳಿ ಆಕಾಶದ ಕೆಳಗೆ ಇಡು, ಓರೆಯಾಗಿ ನೋಡು. ಬಿಲ್ಲೆ ನೆಟ್ಟಗಿದ್ದಾಗ ನೀರು ಜಾಸ್ತಿ ಹೊಳೆಯಬೇಕು, ಅಡ್ಡ ಇದ್ದಾಗ ಕಡಿಮೆ. ಇದು ಬರದಿದ್ದರೆ ಕಡಲಲ್ಲೂ ಬರುವುದಿಲ್ಲ, ಸುಮ್ನೆ ಬಸ್ ಚಾರ್ಜು ದಂಡ.

ಮೇಷ್ಟ್ರಿಗೆ: ಗ್ರಾಂಟಿನಲ್ಲಿ ಒಂದು ಪೋಲರ್‌ಸೆನ್ಸ್ ಕ್ಯಾಮೆರಾ, ಮಿಕ್ಕದ್ದಕ್ಕೆ ಅಕ್ಕಪಕ್ಕದ ಎರಡು ಥರ್ಮಲ್. ದೊಡ್ಡ ಒಂದೇ ಪೆಟ್ಟಿಗೆ ತಂದರೆ ಅದು ಬೀರು ಸೇರುತ್ತದೆ, ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ. ಬಂದರು, ಕಾರವಾರದ ನೌಕಾನೆಲೆ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಲಿಖಿತ ಅನುಮತಿ ತಗೊಳ್ಳಿ. ವಿದ್ಯಾರ್ಥಿಗಳನ್ನು ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಬರುವ ಕೆಲಸ ಯಾರಿಗೆ ಬೇಕು.

ಸ್ಟಾರ್ಟಪ್‌ನವರಿಗೆ ಹೇಳುವುದು ಕಷ್ಟವಾಯಿತು. ಎಣ್ಣೆಗೆ ಸೆನ್ಸರ್-ಗ್ರಿಡ್ ಲಾಂಗ್‌ವೇವ್ ಸರಿಯಾದ ಆಯ್ಕೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರ ಮನಸ್ಸಲ್ಲಿ ಇದ್ದದ್ದು 2022ರ ಜೂನ್. ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿ, ಎಣ್ಣೆ ಸೋರುತ್ತದಾ ಅಂತ ಎಲ್ಲರೂ ಕಡಲು ನೋಡುತ್ತಾ ಕೂತಿದ್ದ ದಿನಗಳು. ಜೂನ್ ಅಂದರೆ ಮಳೆ, ತಗ್ಗಿನ ಮೋಡ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಕೇರಳದ ಕಡಲಲ್ಲಿ ಮುಳುಗಿದ್ದೂ ಮುಂಗಾರು ಹಿಡಿದ ಹೊತ್ತಲ್ಲೇ. ಹಡಗಿಗೆ ಅಪಾಯ ಜಾಸ್ತಿ ಇರುವ ತಿಂಗಳೇ ಈ ಕ್ಯಾಮೆರಾ ದುರ್ಬಲವಾಗುವ ತಿಂಗಳು. ಆಕಾಶ ಮತ್ತು ನೀರಿನ ಹಗ್ಗಜಗ್ಗಾಟ ಆಗ ಹೆಚ್ಚುಕಡಿಮೆ ಸಮ. ಡಿಸೆಂಬರಿನ ಡೆಮೊ ತೋರಿಸಿ ಜೂನ್‌ನ ಕೆಲಸ ಒಪ್ಪಿಕೊಳ್ಳಬೇಡಿ ಅಂದೆ. ಮೊದಲು ಒಂದು ಮಳೆಗಾಲ ಬಾಡಿಗೆ ಕ್ಯಾಮೆರಾದಲ್ಲಿ ಕಳೆಯಿರಿ, ರಾಡಾರ್ ಜತೆಗಿಟ್ಟುಕೊಳ್ಳಿ ಅಂದೆ. ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಮಲ್ಪೆಯ ಅಣ್ಣನಿಗೆ: ಸಾದಾ ಥರ್ಮಲ್, ಪೋಲರೈಸರ್ ಬೇಡ. ಬೋಟಿನ ಮೇಲೆ ಉಪ್ಪುನೀರು ಸಿಡಿಯುತ್ತದೆ. ಥರ್ಮಲ್ ಲೆನ್ಸಿನ ಹೊರಮೈಗೆ ಗಟ್ಟಿ ಕಾರ್ಬನ್ ಲೇಪನ ಇರುವುದನ್ನು ಕೇಳಿ ತಗೊಂಡರೆ ಸಿಹಿನೀರು ಸುರಿದು ತೊಳೆಯಬಹುದು. ವೈರ್-ಗ್ರಿಡ್ ಹಾಗಲ್ಲ, ಬೆರಳು ತಾಗಿದರೂ ಕೆಟ್ಟಿತು. ನಮ್ಮ ಮೊದಲ ಬಿಲ್ಲೆಯ ಮೇಲೆ ಉಪ್ಪಿನ ಮಬ್ಬು ಕೂತಿದ್ದು ನೋಡಿ, ಸಹಾಯಕ್ಕೆ ಬಂದಿದ್ದ ಹುಡುಗ ಪಾಪ ಒಳ್ಳೆಯ ಮನಸ್ಸಿನಿಂದ ಬೈರಾಸಿನ ತುದಿಯಲ್ಲಿ ಒರೆಸಿಕೊಟ್ಟ. ಬಿಲ್ಲೆ ಫಳಫಳ ಹೊಳೆಯಿತು. ಅದು ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದ ಹಾಗೆ ಇಡಲು.